ಓದುಗರ ಪ್ರಶ್ನೆ: ಊರಿಗೆ ವಿಪತ್ತಿನ ಎಚ್ಚರ ಹೇಳಲು ಶಾಲೆಯ ಮಕ್ಕಳನ್ನು ಸಜ್ಜುಗೊಳಿಸುವುದು ಹೇಗೆ?

ಮಳೆಗಾಲ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಸ್ವರೂಪವೂ ಬದಲಾಗುತ್ತದೆ. ಈ ಸಲ ಗುಡ್ಡ ಕುಸಿತ, ನೆರೆ ಮತ್ತು ಸಿಡಿಲನ್ನು ಕುರಿತು ಶಿಕ್ಷಕರು, ಪೋಷಕರು ಹಾಗೂ ಒಬ್ಬ ವಿದ್ಯಾರ್ಥಿನಿ ಬರೆದಿದ್ದಾರೆ. ಭೂಗೋಳದ ಮೇಷ್ಟರಾಗಿ ಮಲೆನಾಡಿನ ಶಾಲೆಗಳಲ್ಲಿ ಬಹುಕಾಲ ಕಳೆದ ನನಗೆ ಇದು ಮನಸ್ಸಿಗೆ ಬಹಳ ಹತ್ತಿರದ ವಿಷಯ. ಆದ್ದರಿಂದ ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಪ್ರೌಢಶಾಲೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಊರುಗಳು ನಮಗೆ ದೂರವೇನಲ್ಲ. ಪ್ರತಿ ವರ್ಷ ಮಕ್ಕಳಿಂದ ಜಾಥಾ ಮಾಡಿಸುತ್ತೇವೆ, ಭಿತ್ತಿಪತ್ರ ಬರೆಸುತ್ತೇವೆ, ಪ್ರಬಂಧ ಸ್ಪರ್ಧೆ ನಡೆಸುತ್ತೇವೆ. ಊರಿನವರು ನೋಡಿ ಮೆಚ್ಚುತ್ತಾರೆ, ಅಷ್ಟಕ್ಕೇ ಮುಗಿಯುತ್ತದೆ. "ಹುಟ್ಟಿದಾಗಿನಿಂದ ಈ ಮಳೆ ನೋಡಿದವರಿಗೆ ಮಕ್ಕಳು ಬಂದು ಹೇಳಿಕೊಡಬೇಕೇ?" ಎಂದು ಹಿರಿಯರೊಬ್ಬರು ನೇರವಾಗಿಯೇ ಕೇಳಿದರು. ನಾವು ಏನು ಮಾಡಬೇಕು? — ಸಮಾಜ ವಿಜ್ಞಾನ ಶಿಕ್ಷಕಿ, ಕೊಡಗು

ಉತ್ತರ: ಆ ಹಿರಿಯರ ಪ್ರಶ್ನೆ ನ್ಯಾಯವಾದದ್ದು. "ಎಚ್ಚರಿಕೆಯೇ ರಕ್ಷಣೆ" ಎಂಬ ಫಲಕ ಹಿಡಿದು ಬಂದ ಮಗುವಿನ ಕೈಯಲ್ಲಿ ಅವರಿಗೆ ಗೊತ್ತಿಲ್ಲದ ಯಾವ ಸಂಗತಿಯೂ ಇರುವುದಿಲ್ಲ. ಉಪದೇಶ ಮಾಡುವ ಮಗುವಿನ ಮಾತನ್ನು ಯಾರೂ ಕೇಳುವುದಿಲ್ಲ. ಅಜ್ಜನ ಬಳಿ ಕುಳಿತು ಪ್ರಶ್ನೆ ಕೇಳಿ ಉತ್ತರವನ್ನು ಬರೆದುಕೊಳ್ಳುವ ಮಗುವನ್ನು ಮಾತ್ರ ಯಾರೂ ಎದ್ದು ಹೋಗೆಂದು ಕಳಿಸುವುದಿಲ್ಲ. ಆದ್ದರಿಂದ ಮಕ್ಕಳಿಗೆ ಮೊದಲು ಕೇಳುವುದನ್ನು ಕಲಿಸಿ, ಹೇಳುವುದು ಆಮೇಲೆ ಬರಲಿ.

ಕೇಳಬೇಕಾದ ಪ್ರಶ್ನೆಗಳು ಬಹಳ ಸರಳವಾದವು. ಈ ಊರಿನಲ್ಲಿ ಹಿಂದೆ ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು, ಕುಸಿದದ್ದು ಎಲ್ಲಿ, ಯಾವ ವರ್ಷ? ಕೊಲ್ಲಿಯ, ಅಂದರೆ ಗುಡ್ಡದ ಹಳ್ಳದ, ನೀರು ಅತಿ ಎತ್ತರಕ್ಕೆ ಬಂದದ್ದು ಎಲ್ಲಿಯವರೆಗೆ? ಈಗ ಮುಚ್ಚಿಹೋದ ತೋಡು ಮೊದಲು ಎಲ್ಲಿ ಹರಿಯುತ್ತಿತ್ತು? ಯಾವ ಮನೆಯನ್ನು ಬರೆ ಕತ್ತರಿಸಿ ಕಟ್ಟಿದ್ದಾರೆ? ರಾತ್ರಿ ಹೊತ್ತು ಎದ್ದು ನಡೆಯಲಾರದ ವೃದ್ಧರು, ಹಾಸಿಗೆ ಹಿಡಿದವರು, ಬಾಣಂತಿಯರು ಯಾವ ಯಾವ ಮನೆಗಳಲ್ಲಿದ್ದಾರೆ? ಇಪ್ಪತ್ತು ಮಕ್ಕಳು ಇಪ್ಪತ್ತು ಮನೆಗಳಿಂದ ತಂದ ಉತ್ತರವನ್ನು ಒಂದು ದೊಡ್ಡ ಹಾಳೆಯ ಮೇಲೆ ಊರಿನ ನಕ್ಷೆಯಾಗಿ ಬರೆದರೆ, ಅದು ಊರಿನ ಯಾವ ಒಬ್ಬ ಹಿರಿಯರ ಬಳಿಯೂ ಪೂರ್ತಿಯಾಗಿ ಇಲ್ಲದ ತಿಳಿವಳಿಕೆಯಾಗುತ್ತದೆ. ಎಸ್ಟೇಟಿನ ಲೈನ್ ಮನೆಗಳನ್ನು ಮಾತ್ರ ಮರೆಯದಿರಿ. ಹೊರಗಿನಿಂದ ದುಡಿಮೆಗೆ ಬಂದ ಕುಟುಂಬಗಳಿಗೆ ಈ ನೆಲದ ಹಳೆಯ ನೆನಪು ಇರುವುದಿಲ್ಲ. ಅವರ ಭಾಷೆಯಲ್ಲಿ ವಿಷಯ ತಿಳಿಸಬಲ್ಲವರು ಅವರದೇ ಮಕ್ಕಳು, ಆ ಮಕ್ಕಳು ನಿಮ್ಮದೇ ತರಗತಿಯಲ್ಲಿ ಕುಳಿತಿರುತ್ತಾರೆ.

ಎರಡನೆಯದು ಅಳತೆ. ನಿಮ್ಮ ಕಡೆಯ ಕಾಫಿ ಬೆಳೆಗಾರರು ತಲೆಮಾರುಗಳಿಂದ ಮಳೆಯನ್ನು ಇಂಚುಗಳಲ್ಲಿ ಬರೆದಿಟ್ಟುಕೊಂಡು ಬಂದಿದ್ದಾರೆ. ಅಂಥ ಹಳೆಯ ಪುಸ್ತಕವೊಂದನ್ನು ಮಕ್ಕಳಿಗೆ ತೋರಿಸಲು ಒಪ್ಪುವವರು ನಿಮ್ಮೂರಿನಲ್ಲಿ ಖಂಡಿತ ಸಿಗುತ್ತಾರೆ. ಶಾಲೆಯಲ್ಲಿಯೂ ಒಂದು ಮಳೆಮಾಪಕ ಇರಲಿ. ಪಕ್ಕಗಳು ನೇರವಾಗಿರುವ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಆ ಭಾಗವನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ತಳದ ಉಬ್ಬುತಗ್ಗಿನ ಭಾಗಕ್ಕೆ ಸ್ವಲ್ಪ ಸಿಮೆಂಟ್ ಹಾಕಿ ಸಮ ಮಾಡಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿದರೆ ಸಾಕು. ಮರ ಮತ್ತು ಸೂರಿನಿಂದ ದೂರ, ಬಯಲಿನಲ್ಲಿ ಅದನ್ನು ನಿಲ್ಲಿಸಬೇಕು. ಹವಾಮಾನ ಇಲಾಖೆ ಒಂದು ದಿನದ ಮಳೆಯನ್ನು ಬೆಳಗ್ಗೆ 8.30ಕ್ಕೆ ಲೆಕ್ಕ ಹಾಕುವುದರಿಂದ ನೀವೂ ಅದೇ ಹೊತ್ತಿಗೆ ಓದಿ. ಭಾರಿ ಮಳೆಯ ದಿನ ಬಾಟಲಿ ತುಂಬಿ ಚೆಲ್ಲುವ ಮೊದಲೇ ನಡುವೆ ಒಮ್ಮೆ ಓದಿ ಖಾಲಿ ಮಾಡಬೇಕಾಗಬಹುದು, ಆ ಅಂಕಿಯನ್ನೂ ಕೂಡಿಸಿಕೊಳ್ಳಬೇಕು. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಈ ಕೊನೆಯದು ಬೆಳೆಗಾರರ ಲೆಕ್ಕದಲ್ಲಿ ಸುಮಾರು ಎಂಟು ಇಂಚು.

ಈ ಸಂಖ್ಯೆ ಮಗುವಿನ ಕೈಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಎಂಟನೇ ತರಗತಿಯ ಹುಡುಗಿಯೊಬ್ಬಳು ಇದನ್ನು ಹಿಡಿದುಕೊಂಡು ತಮ್ಮ ಮನೆಯ ಹಿಂದಿನ ಒಂದು ಎಕರೆ ಇಳಿಜಾರಿಗೆ ಲೆಕ್ಕ ಹಾಕಿದಳು. ಎಕರೆಗೆ ಸುಮಾರು 4047 ಚದರ ಮೀಟರ್. 200 ಮಿಲಿಮೀಟರ್ ಮಳೆಯಾದರೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರು. ಅವಳು ಅದನ್ನು ಮನೆಯಲ್ಲಿ ಹೇಳಿದಾಗ ತಂದೆ ಮೊದಲು ನಂಬಲಿಲ್ಲ, ತಾವೇ ಕುಳಿತು ಗುಣಿಸಿ ನೋಡಿದರು. ಮರುದಿನ ಬೆಳಗ್ಗೆ ಹಾರೆ ಹಿಡಿದು ಮನೆಯ ಮೇಲ್ಭಾಗದಲ್ಲಿ ಮುಚ್ಚಿಹೋಗಿದ್ದ ಕಾಲುವೆಯನ್ನು ಬಿಡಿಸಿದರು. ಯಾವ ಜಾಥಾವೂ ಆ ಕೆಲಸ ಮಾಡಿಸಿರಲಿಲ್ಲ.

ಗುಡ್ಡ ಕುಸಿಯುವುದು ಸಾಮಾನ್ಯವಾಗಿ ಒಂದೇ ದಿನದ ಮಳೆಗಲ್ಲ, ಹಲವು ದಿನಗಳ ಮಳೆಗೆ ನೆಲ ನೀರು ಕುಡಿದು ಭಾರವಾಗಿರುವಾಗ ಬೀಳುವ ಮತ್ತೊಂದು ಜೋರು ಮಳೆಗೆ. ಹಾಗಾಗಿ ಆ ದಿನದ ಅಂಕಿಯ ಪಕ್ಕದಲ್ಲಿ ಹಿಂದಿನ ಐದಾರು ದಿನಗಳ ಮೊತ್ತವನ್ನೂ ಶಾಲೆಯ ಹೊರಗೋಡೆಯ ಕಪ್ಪುಹಲಗೆಯ ಮೇಲೆ ಬರೆಯಿಸಿ. ಪಕ್ಕದ ವಯನಾಡಿನ ಕಲ್ಪೆಟ್ಟದಲ್ಲಿರುವ ಹ್ಯೂಮ್ ಎಂಬ ಪರಿಸರ ಅಧ್ಯಯನ ಕೇಂದ್ರ ಇಂಥ ಸ್ಥಳೀಯ ಮಳೆಮಾಪಕಗಳ ಲೆಕ್ಕವನ್ನೇ ನೆಚ್ಚಿಕೊಂಡು 2024ರ ಜುಲೈ 30ರ ಗುಡ್ಡ ಕುಸಿತದ ದುರಂತಕ್ಕೆ ಮೊದಲೇ ಅಪಾಯದ ಮುನ್ಸೂಚನೆ ನೀಡಿತ್ತು ಎಂಬುದನ್ನು ನೆನೆಯಬೇಕು. ನಮ್ಮಲ್ಲಿಯೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯತಿ ಮಟ್ಟದಲ್ಲಿವೆ; ಕೇಂದ್ರದ ವರುಣಮಿತ್ರ ಸಹಾಯವಾಣಿಗೆ, ಅಂದರೆ 9243345433ಕ್ಕೆ, ಮಕ್ಕಳೇ ಕರೆ ಮಾಡಿ ಮುನ್ಸೂಚನೆ ಕೇಳುವ ಅಭ್ಯಾಸವಾಗಲಿ.

ಅಳತೆಯ ಜೊತೆಗೆ ನೆಲ ಕೊಡುವ ಸೂಚನೆಗಳನ್ನೂ ಮಕ್ಕಳು ಬಾಯಿಪಾಠವಾಗುವಷ್ಟು ತಿಳಿದಿರಬೇಕು: ಅಂಗಳದಲ್ಲಿ ಅಥವಾ ಮನೆಯ ಮೇಲಿನ ತೋಟದಲ್ಲಿ ಹೊಸ ಬಿರುಕು, ನೇರವಾಗಿದ್ದ ಮರ ಅಥವಾ ಕರೆಂಟ್ ಕಂಬ ವಾಲಿರುವುದು, ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಬಿಗಿಯಾಗಿರುವುದು, ಇಲ್ಲದ ಕಡೆ ಒರತೆ ಒಡೆಯುವುದು, ಕೊಲ್ಲಿಯ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು. ಜೋರು ಮಳೆಯಲ್ಲಿ ಕೊಲ್ಲಿಯ ನೀರು ಒಮ್ಮೆಲೇ ಕಡಿಮೆಯಾದರೆ ಅದನ್ನು ಶುಭವೆಂದು ತಿಳಿಯಬಾರದು. ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು. ಆದರೆ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ: ಮಳೆಯಲ್ಲಿ ಇವನ್ನು ನೋಡಿಕೊಂಡು ಬರಲು ಯಾವ ಮಗುವನ್ನೂ ಬರೆಯ ಹತ್ತಿರಕ್ಕೆ, ಕೊಲ್ಲಿಯ ಅಂಚಿಗೆ ಕಳಿಸಬೇಡಿ, ವಿಡಿಯೊ ಮಾಡಲು ಬಿಡಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದದ್ದಷ್ಟೇ ಅಲ್ಲ, ಗಂಗಾವಳಿ ನದಿಗೆ ಬಿದ್ದ ಮಣ್ಣಿನಿಂದ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ದೂರವಿದ್ದೇವೆ ಎಂಬ ಧೈರ್ಯ ಅಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನು, ನಾವು ಶಿಕ್ಷಕರು ಸಾಮಾನ್ಯವಾಗಿ ಯೋಚಿಸದ ಒಂದು ಸಂಗತಿಯಿದೆ. ರೆಡ್ ಅಲರ್ಟ್ ಬಂದ ದಿನ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಡುತ್ತಾರೆ. ಅಂದರೆ ಅಪಾಯದ ದಿನ ನಿಮ್ಮ ವಿದ್ಯಾರ್ಥಿ ನಿಮ್ಮ ಕಣ್ಣೆದುರು ಇರುವುದಿಲ್ಲ, ಮನೆಯಲ್ಲಿರುತ್ತಾನೆ. ಶಾಲೆಯ ಮೈದಾನದಲ್ಲಿ ಗಂಟೆ ಹೊಡೆದು ಮಾಡಿದ ಅಣಕು ಪ್ರದರ್ಶನ ಆ ದಿನ ಅವನಿಗೆ ಎಷ್ಟು ನೆರವಾದೀತು? ಅವನ ಮನೆಯವರು ರಾತ್ರಿ ಯಾವ ದಾರಿಯಲ್ಲಿ, ಯಾರ ಮನೆಗೆ ಹೋಗಬೇಕೆಂದು ಮೊದಲೇ ಮಾತಾಡಿಕೊಂಡಿದ್ದರೆ ಮಾತ್ರ ಅವನು ಕಲಿತದ್ದು ಸಾರ್ಥಕ. ಜಪಾನಿನ ಕಮೈಶಿ ನಗರದ ಶಾಲೆಗಳಲ್ಲಿ ಪ್ರಾಧ್ಯಾಪಕ ತೊಶಿತಾಕ ಕತಾದ ಅವರು ವರ್ಷಗಳ ಕಾಲ ಇದನ್ನೇ ಕಲಿಸಿದರು: ಸುನಾಮಿ ಬಂದರೆ ನಾನು ಖಂಡಿತ ಎತ್ತರಕ್ಕೆ ಓಡಿರುತ್ತೇನೆ, ನನ್ನನ್ನು ಹುಡುಕಿಕೊಂಡು ಬರಬೇಡಿ, ನೀವೂ ಓಡಿ ಎಂದು ಮಗು ಮನೆಯಲ್ಲಿ ಹೇಳಿ ಹೆತ್ತವರಿಗೆ ನಂಬಿಕೆ ಬರುವಂತೆ ಮಾಡಬೇಕು. ಸುನಾಮಿ ಬಂದ 2011ರ ಮಾರ್ಚ್ 11ರಂದು ಆ ನಗರದ ಉನೊಸುಮಾಯಿ ಭಾಗದ ಪ್ರೌಢಶಾಲೆಯ ಮಕ್ಕಳು ಓಡತೊಡಗಿದ್ದನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯವರೂ ಅವರ ಹಿಂದೆ ಹೊರಟರು. ಗೊತ್ತುಪಡಿಸಿದ ಜಾಗವೂ ಸಾಲದೆಂದು ಕಂಡಾಗ ಇನ್ನೂ ಎತ್ತರಕ್ಕೆ ಹೋದರು. ಆ ನಗರದ ಸುಮಾರು 3000 ಶಾಲಾ ಮಕ್ಕಳಲ್ಲಿ ಬಹುಪಾಲು ಎಲ್ಲರೂ ಉಳಿದರು. ಅವರು ಓಡುವುದನ್ನು ಕಂಡೇ ಮನೆಯಿಂದ ಹೊರಟವರೂ ಇದ್ದರು.

ಸಮಯದ ಬಗ್ಗೆ ಒಂದು ಮಾತು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವಾಗ ಮಳೆಯೂ ಬಂದಿರುತ್ತದೆ, ಆಗ ಆರಂಭಿಸಿದರೆ ತಡವಾಯಿತು. ಮಳೆಗಾಲದಲ್ಲಿ ಅಳತೆ ನಡೆಯಲಿ, ದೀಪಾವಳಿಯ ನಂತರ ನೆಲ ಒಣಗಿ ಕುಸಿದ ಜಾಗಗಳು ಕಣ್ಣಿಗೆ ಕಾಣುವಾಗ ದೊಡ್ಡವರ ಜೊತೆಯಲ್ಲಿ ಊರು ಸುತ್ತಿ ನಕ್ಷೆ ಮಾಡಿಸಿ, ಮಕ್ಕಳ ಗ್ರಾಮಸಭೆಯಲ್ಲಿ ಅದನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಮುಂದೆ ಮಕ್ಕಳೇ ಬಿಡಿಸಿ ಹೇಳಲಿ. ಮೋರಿ ದುರಸ್ತಿಯಂಥ ಕೆಲಸ ಪಂಚಾಯತಿಯ ಕ್ರಿಯಾಯೋಜನೆಗೆ ಸೇರಬೇಕಾದರೆ ಬೇಡಿಕೆ ಆಗಲೇ ದಾಖಲಾಗಬೇಕು.

ಪ್ರಶ್ನೆ: ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭಾ ದಂಡೆಯ ಊರು ನಮ್ಮದು. 2009ರಲ್ಲೂ 2019ರಲ್ಲೂ ಮುಳುಗಿದ್ದೇವೆ. ಆದರೂ ಡಂಗುರ ಸಾರಿದ ಮೇಲೂ ಜನ ಕಡೆಯ ಗಳಿಗೆಯವರೆಗೆ ಮನೆ ಬಿಡುವುದಿಲ್ಲ. ಶಾಲೆಯ ಮಕ್ಕಳಿಂದ ಏನಾದರೂ ಸಾಧ್ಯವೇ? — ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು, ಬಾಗಲಕೋಟೆ ಜಿಲ್ಲೆ

ಉತ್ತರ: ಜನ ಮನೆ ಬಿಡದಿರುವುದು ಹಟದಿಂದಲ್ಲ. ಮೊದಲನೆಯ ಕಾರಣ, ಊರ ಮೇಲೆ ಬಿಸಿಲಿರುವಾಗ ನೆರೆ ಬರುತ್ತದೆಯೆಂದರೆ ನಂಬುವುದು ಕಷ್ಟ. ನಿಮ್ಮ ನೆರೆ ಹುಟ್ಟುವುದು ಹೆಚ್ಚಾಗಿ ಖಾನಾಪುರದ ಕಣಕುಂಬಿಯ ಕಾಡಿನ ಮಳೆಯಲ್ಲಿ. ಅದು ನವಿಲುತೀರ್ಥದ ಜಲಾಶಯ ತುಂಬಿ, ಗೇಟು ತೆಗೆದ ಮೇಲೆ ನಿಮ್ಮಲ್ಲಿಗೆ ಬರುತ್ತದೆ. ಮಕ್ಕಳು ಈ ದಾರಿಯನ್ನು ಶಾಲೆಯ ಗೋಡೆಯ ಮೇಲೆ ಬರೆಯಲಿ. ಜಲಾಶಯದಿಂದ ಬಿಟ್ಟ ನೀರಿನ ಕ್ಯುಸೆಕ್ ಅಂಕಿ ಪತ್ರಿಕೆಯಲ್ಲಿ ಬಂದೇ ಬರುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ಎಂದು ಬಿಡಿಸಿ ಹೇಳುವ ಮಗು ಮನೆಯಲ್ಲಿದ್ದರೆ ಆ ಅಂಕಿಗೆ ಜೀವ ಬರುತ್ತದೆ. ಎಷ್ಟು ಕ್ಯುಸೆಕ್ ಬಿಟ್ಟಾಗ, ಎಷ್ಟು ಗಂಟೆಗಳ ಮೇಲೆ, ನೀರು ಊರಿನ ಯಾವ ಕಟ್ಟೆ ಮುಟ್ಟಿತು ಎಂಬುದನ್ನು ಪ್ರತಿ ವರ್ಷ ಬರೆದಿಟ್ಟರೆ ಕೆಲವೇ ವರ್ಷಗಳಲ್ಲಿ ನಿಮ್ಮ ಊರಿಗೇ ಹೊಂದುವ ಒಂದು ಕೋಷ್ಟಕ ಸಿದ್ಧವಾಗುತ್ತದೆ. 2009 ಮತ್ತು 2019ರ ನೀರಿನ ಮಟ್ಟವನ್ನು ಗುಡಿಯ ಗೋಡೆ, ಶಾಲೆಯ ಕಂಬ, ಪಂಚಾಯತಿ ಕಟ್ಟಡದ ಮೇಲೆ ಎದ್ದು ಕಾಣುವ ಬಣ್ಣದಲ್ಲಿ ಗೆರೆ ಎಳೆಸಿ, ವರ್ಷ ಬರೆಸಿ. ಆ ಗೆರೆ ತನ್ನ ತಲೆಗಿಂತ ಎಷ್ಟು ಮೇಲಿದೆ ಎಂದು ಪ್ರತಿ ಮಗುವೂ ನಿಂತು ನೋಡುತ್ತದೆ.

ಎರಡನೆಯ ಕಾರಣ ದನಕರು. ಎತ್ತು ಎಮ್ಮೆ ಬಿಟ್ಟು ಬರಲು ಒಕ್ಕಲು ಮಕ್ಕಳಿಗೆ ಮನಸ್ಸಾಗುವುದಿಲ್ಲ, ಅದು ತಪ್ಪೂ ಅಲ್ಲ. ಯಾವ ಮನೆಯಲ್ಲಿ ಎಷ್ಟು ಜಾನುವಾರು, ಅವಕ್ಕೆ ಎತ್ತರದ ಜಾಗ ಯಾವುದು, ಮೇವು ಎಲ್ಲಿಂದ ಎಂಬ ಪಟ್ಟಿಯನ್ನು ಮಕ್ಕಳು ಜೂನ್ ತಿಂಗಳಲ್ಲೇ ಸಿದ್ಧಪಡಿಸಿ ಪಂಚಾಯತಿಗೂ ಪಶು ಆಸ್ಪತ್ರೆಗೂ ಕೊಡಲಿ. ದನಗಳನ್ನು ಮೊದಲೇ ಸಾಗಿಸಿದ ಮನೆಯವರು ತಾವೂ ಬೇಗ ಹೊರಡುತ್ತಾರೆ. ಸಾಗಿಸಲು ಆಗದೇ ಹೋದರೆ ಹಗ್ಗ ಬಿಚ್ಚಿ ಬಿಡಬೇಕು ಎಂಬುದನ್ನು ಮಕ್ಕಳ ಬಾಯಿಂದಲೇ ಮತ್ತೆ ಮತ್ತೆ ಹೇಳಿಸಿ. ಪಹಣಿ, ಪಾಸ್‌ಬುಕ್, ರೇಷನ್ ಕಾರ್ಡ್, ಆಧಾರ್, ಅಜ್ಜ ಅಜ್ಜಿಯರ ಔಷಧ ಇಷ್ಟನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೈಗೆಟಕುವಲ್ಲಿ ಇಡುವ ಹೊಣೆ ಪ್ರತಿ ಮನೆಯಲ್ಲೂ ವಿದ್ಯಾರ್ಥಿಯದೇ ಆಗಲಿ. ನೀರು ಇಳಿದ ಮೇಲೆ ಮೇನ್ ಸ್ವಿಚ್ ಮುಟ್ಟುವ ಮೊದಲು ಲೈನ್‌ಮನ್ ನೋಡಬೇಕು, ಕುಡಿಯುವ ನೀರನ್ನು ಕುದಿಸಬೇಕು, ಹಾವು ಚೇಳು ಸೇರಿರಬಹುದಾದ ಮೂಲೆಗಳಿಗೆ ಕೋಲಿಲ್ಲದೆ ಕೈಹಾಕಬಾರದು.

ಪ್ರಶ್ನೆ: ನಾನು ಒಂಬತ್ತನೇ ತರಗತಿ ಓದುತ್ತಿದ್ದೇನೆ. ನಮ್ಮ ಅಪ್ಪ ಕುರಿ ಕಾಯುತ್ತಾರೆ. ಮಳೆ ಬಂದರೆ ಕುರಿಗಳ ಜೊತೆ ಬೇವಿನ ಮರದ ಕೆಳಗೆ ನಿಲ್ಲುತ್ತಾರೆ. ಸಿಡಿಲು ಬಡಿಯುತ್ತದೆ ಎಂದರೆ ಅಜ್ಜಿ "ಅರ್ಜುನನ ಹೆಸರು ಹೇಳಿದರೆ ಏನೂ ಆಗುವುದಿಲ್ಲ" ಎನ್ನುತ್ತಾರೆ. ಅವರಿಗೆ ಹೇಗೆ ತಿಳಿಸಲಿ? — ವಿದ್ಯಾರ್ಥಿನಿ, ಕೊಪ್ಪಳ ಜಿಲ್ಲೆ

ಉತ್ತರ: ಮಗೂ, ಅಜ್ಜಿಯ ಮಾತನ್ನು ಅಲ್ಲಗಳೆಯಬೇಡ. ಅವರ ನಂಬಿಕೆಯನ್ನೇ ಗಡಿಯಾರ ಮಾಡಿಕೋ. ಮಿಂಚು ಕಂಡ ಕೂಡಲೇ ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂದು ಹತ್ತು ಹೆಸರುಗಳನ್ನು ನಿಧಾನವಾಗಿ ಹೇಳಲು ಸುಮಾರು ಹತ್ತು ಸೆಕೆಂಡು ಬೇಕು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಹತ್ತು ಹೆಸರುಗಳನ್ನು ಮೂರು ಸಲ ಹೇಳಿ ಮುಗಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ. ಆಗ ಬಯಲಿನಲ್ಲಿ ಇರಬಾರದು. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಒಳಗೇ ಇರಬೇಕು. ಉಳಿದ ಹೆಸರುಗಳನ್ನು ಅಜ್ಜಿ ಮನೆಯೊಳಗೆ ಕುಳಿತು ಹೇಳಲಿ.

ಅಪ್ಪನಿಗೆ ಒಂದು ಪ್ರಶ್ನೆ ಕೇಳು: ಸಿಡಿಲಿಗೆ ಒಟ್ಟಿಗೆ ಸತ್ತ ಕುರಿಗಳ ಸುದ್ದಿ ಕೇಳಿದ್ದೀರಾ, ಅವು ಎಲ್ಲಿ ನಿಂತಿದ್ದವು? ಮರಕ್ಕೆ ಬಡಿದ ವಿದ್ಯುತ್ತು ಪಕ್ಕದಲ್ಲಿ ನಿಂತವರಿಗೆ ಹಾಯುತ್ತದೆ, ಬೇರಿನ ಸುತ್ತ ನೆಲದಲ್ಲೂ ಹರಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ, ಆ ಹೊತ್ತಿಗೆ ಗಟ್ಟಿ ಕಟ್ಟಡವಿರುವ ಕಡೆ ಹಿಂಡನ್ನು ತಂದರೆ ಒಳ್ಳೆಯದು. ಏನೂ ಸಿಗದಿದ್ದರೆ ಒಂಟಿ ಮರ ಮತ್ತು ತಂತಿ ಬೇಲಿಯಿಂದ ದೂರ, ತಗ್ಗಿನಲ್ಲಿ, ಒಬ್ಬರಿಂದೊಬ್ಬರು ಅಂತರ ಬಿಟ್ಟು, ಪಾದಗಳನ್ನು ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು, ಮಲಗಬಾರದು. ಅದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಮತ್ತು ನಮ್ಮ ರಾಜ್ಯದ ಸಿಡಿಲು ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಸೂಚನೆ ಕೊಡುತ್ತವೆ. ಅಪ್ಪನ ಫೋನಿನಲ್ಲಿ ಹಾಕಿಕೊಟ್ಟು ಬಳಸುವುದನ್ನು ತೋರಿಸು. ಇನ್ನೊಂದು ವಿಷಯ ಇಡೀ ಊರಿಗೆ ಹೇಳು: ಸಿಡಿಲು ಬಡಿದವರನ್ನು ಮುಟ್ಟಿದರೆ ಏನೂ ಆಗುವುದಿಲ್ಲ, ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತುತ್ತಾ 112ಕ್ಕೆ ಕರೆ ಮಾಡಬೇಕು. ಹೆದರಿ ದೂರ ನಿಂತದ್ದರಿಂದಲೇ ಉಳಿಯಬಹುದಾದ ಜೀವ ಹೋಗಬಾರದು.

ಪ್ರಶ್ನೆ: ಬೆಂಗಳೂರಿನ ಮಕ್ಕಳಿಗೆ ಇದೆಲ್ಲ ಬೇಕೇ? — ಪೋಷಕರು, ಬೆಳ್ಳಂದೂರು

ಉತ್ತರ: 2022ರ ಸೆಪ್ಟೆಂಬರಿನಲ್ಲಿ ನಿಮ್ಮ ಸುತ್ತಮುತ್ತಲೇ ಜನರನ್ನು ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಕರೆತರಬೇಕಾಯಿತು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯ ನೀರಿನಲ್ಲಿ ಕಾರು ಸಿಲುಕಿ ಒಬ್ಬ ಯುವತಿ ಜೀವ ಕಳೆದುಕೊಂಡಳು. ಒಣ ದಿನಗಳಲ್ಲಿ ನಿಮ್ಮ ಬಡಾವಣೆಯ ರಾಜಕಾಲುವೆಯ ಗುಂಟ ಮಕ್ಕಳನ್ನು ದೊಡ್ಡವರ ಜೊತೆ ನಡೆಸಿ, ಎಲ್ಲಿ ಕಸ ಕಟ್ಟಿದೆ, ಎಲ್ಲಿ ಕಿರಿದಾಗಿದೆ ಎಂದು ಗುರುತಿಸಿ ಪಾಲಿಕೆಗೆ ಬರೆಯಿಸಿ. ನೀರು ನಿಂತ ಕೆಳಸೇತುವೆಗೆ ಗಾಡಿ ಇಳಿಸಬೇಡಿ ಎಂದು ಹಿಂದಿನ ಸೀಟಿನಿಂದ ಹೇಳುವ ಮಗು ಪ್ರತಿ ಕಾರಿನಲ್ಲೂ ಇರಬೇಕು.

ಪ್ರಶ್ನೆ: ನೆರೆ, ಕುಸಿತ ಎಂದು ಹೇಳಿ ಹೇಳಿ ಮಕ್ಕಳನ್ನು ಹೆದರಿಸಿದಂತೆ ಆಗುವುದಿಲ್ಲವೇ? ನಮ್ಮ ಮಗ ಮಳೆ ಜೋರಾದರೆ ನಿದ್ದೆ ಮಾಡುವುದಿಲ್ಲ. — ತಾಯಿ, ಮಡಿಕೇರಿ ತಾಲ್ಲೂಕು

ಉತ್ತರ: ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಕುಸಿತದ ವಿಡಿಯೊಗಳನ್ನು ತರಗತಿಯಲ್ಲಿ ಹಾಕಿ ತೋರಿಸುವುದನ್ನು ನಾನು ಯಾವತ್ತೂ ಒಪ್ಪಿಲ್ಲ; ಮನೆ ಕಳೆದುಕೊಂಡ ಮಗು ಅದೇ ಬೆಂಚಿನಲ್ಲಿ ಕುಳಿತಿರುತ್ತದೆ. ಆದರೆ ಏನೂ ಹೇಳದಿದ್ದರೆ ಭಯ ಹೋಗುವುದಿಲ್ಲ, ಮಗು ಅದನ್ನು ಒಬ್ಬನೇ ಹೊರುತ್ತದೆ. ಭಯಪಡುವ ಮಗುವಿಗೆ ಒಂದು ಕೆಲಸ ಕೊಡಿ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಮಳೆಯ ರಾತ್ರಿಗಳಲ್ಲಿ ಚಪ್ಪಲಿ ಹಾಕಿಕೊಂಡೇ ಮಲಗುತ್ತಿದ್ದ, ಓಡಬೇಕಾದರೆ ಬೇಕಾಗುತ್ತದೆ ಎಂದು. ಅವನನ್ನು ಗದರಿಸಲಿಲ್ಲ. ಮನೆಯವರು ಅವನ ಜೊತೆ ಕುಳಿತು, ಟಾರ್ಚ್ ಯಾರು ತರುವುದು, ಅಜ್ಜಿಯ ಕೈ ಯಾರು ಹಿಡಿಯುವುದು, ಯಾವ ದಾರಿ, ಯಾರ ಮನೆ ಎಂದು ತೀರ್ಮಾನಿಸಿದರು. ಅವನ ಪಾಲಿಗೆ ಟಾರ್ಚ್ ಬಂತು. ಹಗಲಿನಲ್ಲಿ ಎರಡು ಸಲ ಆ ದಾರಿಯಲ್ಲಿ ನಡೆದು ನೋಡಿದರು. ಆ ಮಳೆಗಾಲ ಮುಗಿಯುವುದರೊಳಗೆ ಚಪ್ಪಲಿ ಹಾಸಿಗೆಯಿಂದ ಬಾಗಿಲ ಬಳಿಗೆ ಬಂತು, ಟಾರ್ಚ್ ಮಾತ್ರ ದಿಂಬಿನ ಪಕ್ಕದಲ್ಲಿಯೇ ಉಳಿಯಿತು.

ನಿಮ್ಮ ಮಗನೊಂದಿಗೂ ಹೀಗೆ ಕುಳಿತು ಮಾತಾಡಿ. ಮಳೆಯ ರಾತ್ರಿ ಯಾರಾದರೂ ದೊಡ್ಡವರು ಅವನ ಪಕ್ಕದಲ್ಲಿ ಮಲಗಲಿ. ಇಷ್ಟಾದರೂ ವಾರಗಟ್ಟಲೆ ನಿದ್ದೆ ಊಟ ತಪ್ಪುತ್ತಿದ್ದರೆ ತಡಮಾಡದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು, ಅದಕ್ಕೆ ಹಣವಿಲ್ಲ.